ರತ್ನಾಬಾಯಿ ಮತ್ತು ಹನ್ನೆರಡು ಬಟನ್ನು

ಕೆಟ್ಟ ವಸ್ತು ಯಾವುದೇ ಬರಲಿ, ರತ್ನಾಬಾಯಿ ಮೊದಲು ಅದನ್ನು ಬೈಯುತ್ತಿದ್ದರು. ಮಿಕ್ಸರ್ ಬಂದರೆ, "ಏನವಾ, ಮನ್ಯಾಗ ಬೀಗರು ಬಂದಾಗನೇ ನಿನಗ ಜಡ್ಡ ಬರಬೇಕಾ?" ಫ್ಯಾನ್ ಬಂದರೆ, "ಕುಂತಲ್ಲೇ ತಿರಗೂದು ಒಂದೇ ಕೆಲಸ ನಿಂದು, ಅದಕ್ಕೂ ಧಾಡಿ ಆಗ್ಯಾದೇನು?" ಬೈದು ಮುಗಿಯುವಷ್ಟರಲ್ಲಿ ಸ್ಕ್ರೂಗಳೆಲ್ಲ ಬಿಚ್ಚಿ, ಹಳೆಯ ಸ್ಪೀಕರಿನ ಅಯಸ್ಕಾಂತದ ಮೇಲೆ ಬಿಚ್ಚಿದ ಕ್ರಮದಲ್ಲೇ ಅಂಟಿ ನಿಂತಿರುತ್ತಿದ್ದವು. ರಿಪೇರಿಗೆ ಬಂದವರು ವಸ್ತು ಕೊಟ್ಟ ಕೂಡಲೇ ಹೋಗುತ್ತಿರಲಿಲ್ಲ, ನಿಂತು ಈ ಬೈಗುಳ ಕೇಳಿಯೇ ಹೋಗುತ್ತಿದ್ದರು.

ಬಸವಕಲ್ಯಾಣದ ಕೋಟೆಯ ಹಿಂದಿನ ಓಣಿಯಲ್ಲಿ ಅವರ ಮನೆ. ಮನೆಯ ಹೊಸ್ತಿಲೇ ಅಂಗಡಿ. ಹೊಸ್ತಿಲ ಒಳಗೆ ಒಂದು ಚಾಪೆ, ಹೊರಗೆ ಗಿರಾಕಿಗಳಿಗೆ ಒಂದು ಸ್ಟೂಲು. ನಾನು ಅಲ್ಲಿಗೆ ಹೋದದ್ದು ಕೈ ಮುರಿದ ಮೇಲೆ.

ಆಗ ನಾನು ಹುಮನಾಬಾದಿನ ಒಂದು ಶಾಲೆಯಲ್ಲಿ ಗಣಿತ ಕಲಿಸುತ್ತಿದ್ದೆ. ಬಸವಕಲ್ಯಾಣದಿಂದ ದಿನವೂ ಬೈಕಿನ ಮೇಲೆ ಹೋಗಿ ಬರುವವನು, ಒಂದು ಬೆಳಿಗ್ಗೆ ಜಲ್ಲಿಕಲ್ಲಿನ ಮೇಲೆ ಜಾರಿ ಬಿದ್ದೆ. ಎಡಗೈಯ ಮಣಿಕಟ್ಟು ಮುರಿಯಿತು. ಮೂಳೆ ಕೂಡಿತು, ಆದರೆ ಕೈ ತಿರುಗಲಿಲ್ಲ. ಬೆರಳು ಆಡುತ್ತವೆ, ಮಣಿಕಟ್ಟು ಮರದ ತುಂಡು. ಅಣ್ಣನ ಮನೆಯ ಮಾಳಿಗೆಯ ಮೇಲೆ ತಗಡಿನ ಕೋಣೆಯೊಂದರಲ್ಲಿ ನಾನು ರಜೆ ಹಾಕಿ ಕುಳಿತೆ. ಬೆಳಿಗ್ಗೆ ಎಲ್ಲರೂ ತಮ್ಮ ತಮ್ಮ ಕೆಲಸಕ್ಕೆ ಹೋದರೆ ಸಂಜೆಯವರೆಗೆ ಆ ಕಾದ ತಗಡು ಮತ್ತು ನಾನು.

ನನಗಿದ್ದ ಒಂದೇ ಹುಚ್ಚು ಕಾಳಗದ ವಿಡಿಯೋ ಗೇಮು. ಚಿಕ್ಕವನಿದ್ದಾಗ ಹುಮನಾಬಾದಿನ ಬಸ್ ನಿಲ್ದಾಣದ ಹತ್ತಿರ ಅಂಥದೊಂದು ಪಾರ್ಲರ್ ಇತ್ತು. ದೊಡ್ಡ ಪೆಟ್ಟಿಗೆಯ ಮುಂದೆ ನಿಂತು, ಎಡಗೈಯಲ್ಲಿ ಗುಂಡುತಲೆಯ ಕೋಲು ಹಿಡಿದು, ಬಲಗೈಯಲ್ಲಿ ಬಟನ್ ಒತ್ತಿ ಆಡುವುದು. ಪಾರ್ಲರ್ ಮುಚ್ಚಿ ಎಷ್ಟೋ ವರ್ಷದ ಮೇಲೆ, ಅದೇ ಮಾದರಿಯ ಕೋಲು-ಬಟನ್ನುಗಳಿರುವ, ಲ್ಯಾಪ್‌ಟಾಪಿಗೆ ಜೋಡಿಸುವ ಪೆಟ್ಟಿಗೆಯೊಂದನ್ನು ಹೈದರಾಬಾದಿನ ಗೆಳೆಯನಿಂದ ತರಿಸಿಕೊಂಡಿದ್ದೆ. ಈಗ ಆ ಕೋಲು ತಿರುಗಿಸಲು ಮಣಿಕಟ್ಟೇ ಇಲ್ಲ. ಕೋಲು ತೆಗೆದು ಅದರ ಜಾಗದಲ್ಲೂ ಬಟನ್ನುಗಳನ್ನೇ ಹಚ್ಚಿ ಆಡುವವರಿದ್ದಾರೆಂದು ಎಲ್ಲೋ ನೋಡಿದ್ದೆ. ಊರಲ್ಲಿ ಮೂರು ಅಂಗಡಿಯವರು, "ಆಟದ ಸಾಮಾನಾ? ನಮ್ಮಿಂದ ಆಗಂಗಿಲ್ರಿ" ಅಂದರು. ಮೂರನೆಯವನೇ ರತ್ನಾಬಾಯಿಯ ಓಣಿ ತೋರಿಸಿದ.

ಅವರು ಪೆಟ್ಟಿಗೆಯನ್ನು ತೊಡೆಯ ಮೇಲಿಟ್ಟುಕೊಂಡು ಕೋಲನ್ನು ನಾಲ್ಕೂ ಕಡೆ ಆಡಿಸಿದರು. ಒಳಗಿನಿಂದ ಟಿಕ್ ಟಿಕ್ ಎಂದಿತು.

"ಇದರಾಗ ಏನದ ಸರ, ನಾಕು ಸ್ವಿಚ್ ಅವ. ದಂಡಾ ಬರೇ ಅವನ್ನ ಒತ್ತತದ. ದಂಡಾನ ಕೆಲಸ ಬೆರಳು ಮಾಡಿದ್ರಾತು. ಬಿಚ್ಚಿ ನೋಡೂಣು, ಏನ್ ಕಡೀತದೇನು?"

ಹಾಗೆ ಹೇಳುತ್ತಿದ್ದವರು ಗಡಿಯಾರ ನೋಡಿ ಥಟ್ಟನೆ ಎದ್ದು ಒಳಗೆ ಹೋದರು. ಸ್ವಲ್ಪ ಹೊತ್ತಿಗೆ ಒಳಗಿನಿಂದ ಕೂಗಿದರು: "ಸರ, ಜರಾ ಒಳಗ ಬರ್ರಿ. ಒಂದೇ ಕೈ ಸಾಕು."

ಒಳಗೆ ಮಂಚದ ಮೇಲೆ ಅವರ ಮಾವ ಮಲಗಿದ್ದರು. ಲಕ್ವಾ ಹೊಡೆದು ಏಳು ವರ್ಷವಾಗಿತ್ತು. ಕಣ್ಣು ಮಾತ್ರ ಆಡುತ್ತಿದ್ದವು. ಮೈಗೆ ಹುಣ್ಣು ಬೀಳದಂತೆ ಎರಡು ತಾಸಿಗೊಮ್ಮೆ ಅವರನ್ನು ಮಗ್ಗುಲು ಬದಲಿಸಿ ಮಲಗಿಸಬೇಕು. ನಾನು ಬಲಗೈಯಲ್ಲಿ ಭುಜ ಹಿಡಿದೆ, ಅವರು ಸೊಂಟ ಹಿಡಿದರು. ಗೋಡೆಯ ಮೇಲಿನ ಬುದ್ಧನ ಪಟದ ಕಡೆಗೆ ಮುಖ ಮಾಡಿಸಿ, ಬೆನ್ನಿಗೆ ದಿಂಬು ಕೊಟ್ಟು, "ಆತ್ರಿ ಮಾವಾ, ಇನ್ನ ಈ ಕಡಿ ನೋಡ್ಕೋತ ಇರ್ರಿ" ಅಂದರು. ಆ ದನಿಯಲ್ಲಿ ಮಿಕ್ಸರಿಗೆ ಬೈಯುವ ರತ್ನಾಬಾಯಿ ಇರಲಿಲ್ಲ.

ಅವರ ಬದುಕೆಲ್ಲ ಆ ಎರಡು ತಾಸಿನ ಒಳಗಿತ್ತು. ಸಂತೆಗೆ ಹೋದರೂ ಅಷ್ಟರಲ್ಲಿ ಬರಬೇಕು. ತವರೂರು ನಿರ್ಣಾ; ಅಲ್ಲಿ ತಮ್ಮನ ಮಕ್ಕಳ ಮದುವೆಗೂ ಹೋಗಿರಲಿಲ್ಲ. ಗಂಡ ಲಾರಿ ಓಡಿಸುತ್ತ ಸೊಲ್ಲಾಪುರದಲ್ಲಿ ಬೇರೆ ಸಂಸಾರ ಹೂಡಿ ಕುಳಿತಿದ್ದ. ಹಾಗಿದ್ದೂ ಯಾಕೆ ಇಲ್ಲಿದ್ದೀರಿ ಎಂದು ಒಮ್ಮೆ ಕೇಳಿದೆ. ಮದುವೆಗೆ ಮುಂಚೆ ಅವರು ಐಟಿಐ ಓದಿದ್ದರಂತೆ, ಇಡೀ ತರಗತಿಯಲ್ಲಿ ಒಬ್ಬಳೇ ಹುಡುಗಿ. "ಮದಿವಿ ಆದ ಮ್ಯಾಲ ಗಂಡ ನನ್ನ ಪುಸ್ತಕಾ ರದ್ದಿಗೆ ಹಾಕಿದ. ಮಾವ ಮರುದಿನಾ ಪ್ಯಾಟಿಗೆ ಹೋಗಿ ತಂತಿಗೆ ಬೆಸಗಿ ಹಚ್ಚೂ ಸೋಲ್ಡರಿಂಗ್ ಕಡ್ಡಿ ತಂದು ನನ್ನ ಕೈಯಾಗ ಕೊಟ್ರು. 'ಕಲತದ್ದು ಕಳೀಬ್ಯಾಡ ತಂಗಿ' ಅಂದ್ರು. ಈಗ ಅವರನ್ನ ಬಿಟ್ಟು ಹ್ಯಾಂಗ ಹೋಗಲಿ ಹೇಳ್ರಿ."

ಪೆಟ್ಟಿಗೆಯ ಕೆಲಸ ಮೂರು ವಾರ ಹಿಡಿಯಿತು. ಹಳೆಯ ಮುಚ್ಚಳ ತೆಗೆದು ಪ್ಲೈವುಡ್ಡಿನ ಹೊಸ ಮುಚ್ಚಳ ಮಾಡಿದರು. ನನ್ನ ಎಡಗೈಯನ್ನು ಅದರ ಮೇಲಿಡಿಸಿ, ತಿರುಗದ ಮಣಿಕಟ್ಟು ಎಲ್ಲಿ ಆರಾಮಾಗಿ ಕೂರುತ್ತದೋ ಅಲ್ಲಿ ಪೆನ್ಸಿಲಿನಿಂದ ಬೆರಳುಗಳ ಗುರುತು ಹಾಕಿದರು. ಮೂರು ಬೆರಳಿಗೆ ಎಡ, ಕೆಳಗೆ, ಬಲ; ಹೆಬ್ಬೆರಳಿಗೆ ಮೇಲೆ ಜಿಗಿಯುವ ದೊಡ್ಡ ಬಟನ್ನು. ಬಲಗೈಯ ಹೊಡೆತದ ಎಂಟು ಬಟನ್ನು ಇದ್ದಂತೆಯೇ ಉಳಿದವು. ಒಟ್ಟು ಹನ್ನೆರಡು.

ಮೊದಲ ದಿನ ಲ್ಯಾಪ್‌ಟಾಪಿಗೆ ಜೋಡಿಸಿ ಆಡಿದಾಗ ಒಂದು ತೊಡಕು ಬಂತು. ಕೋಲಾದರೆ ಒಂದು ಸಲಕ್ಕೆ ಒಂದೇ ಕಡೆ ಹೋಗುತ್ತದೆ. ಬೆರಳುಗಳು ಹಾಗಲ್ಲ. ಅವಸರದಲ್ಲಿ ನಾನು ಎಡ ಬಲ ಎರಡೂ ಒಟ್ಟಿಗೆ ಒತ್ತಿಬಿಡುತ್ತಿದ್ದೆ. ಆಗ ಪರದೆಯ ಮೇಲಿನ ನನ್ನ ಜಟ್ಟಿ ಒಮ್ಮೊಮ್ಮೆ ಬೇಡದ ಕಡೆ ಓಡುವನು, ಒಮ್ಮೊಮ್ಮೆ ನಿಂತಲ್ಲೇ ನಡುಗುವನು.

"ಎರಡೂ ಒತ್ತಿದ್ರ ಅಂವ ಎಲ್ಲಿಗೂ ಹೋಗಬಾರದು. ಹೌದಲ್ರಿ?" ಎಂದು ರತ್ನಾಬಾಯಿ ಕೇಳಿದರು.

"ಹೌದು. ಆದರೆ ಅದಕ್ಕೆ ಬೇರೆ ಬೋರ್ಡು ಹಾಕಬೇಕಂತೆ."

"ಬೋರ್ಡು ಯಾಕ್ರಿ?" ಎಂದು ಬಟನ್ನಿನ ಕೆಳಗಿನ ಸ್ವಿಚ್ಚು ತೋರಿಸಿದರು. ಅದಕ್ಕೆ ಮೂರು ಕಾಲಿದ್ದವು; ನಾವು ಬಳಸಿದ್ದು ಎರಡನ್ನೇ. "ಮಾಳಿಗಿ ಹತ್ತೂ ಜೀನಾದ ಲೈಟ್ ನೋಡೀರಲ್ಲ? ಮ್ಯಾಲೊಂದು ಸ್ವಿಚ್, ಕೆಳಗೊಂದು ಸ್ವಿಚ್. ಒಂದರ ಮಾತು ಇನ್ನೊಂದಕ್ಕ ಗೊತ್ತಿರ್ತದ. ಹಂಗ ಇವೆರಡನ್ನೂ ಕಟ್ಟೂದು. ಒಂದ ಒತ್ತಿದ್ರ ಕರೆಂಟಿಗೆ ಇನ್ನೊಂದರ ಮೂರನೇ ಕಾಲಿನಿಂದ ದಾರಿ. ಎರಡೂ ಒತ್ತಿದ್ರ ದಾರಿ ಬಂದ್."

ಎರಡು ತುಂಡು ತಂತಿಯಲ್ಲಿ ಅದು ಮುಗಿಯಿತು. ನಾನು ಎರಡೂ ಬಟನ್ ಒತ್ತಿ ಹಿಡಿದೆ. ಜಟ್ಟಿ ಅಲುಗಾಡದೆ ನಿಂತ. ರತ್ನಾಬಾಯಿ ಪರದೆಯನ್ನೇ ನೋಡುತ್ತ, "ನೋಡ್ರಿ, ನನ್ನಂಗ ನಿಂತಾನ" ಎಂದು ನಕ್ಕರು. ನನಗೆ ನಗಲಾಗಲಿಲ್ಲ.

ಸರಿಯಾಗಿದೆಯೋ ಎಂದು ನೋಡಲು ಅವರೂ ಆಡಿದರು. ಹಾಗೆ ಶುರುವಾದದ್ದು. ಮೋಟಾರಿನ ಸುರುಳಿಗೆ ಕೂದಲೆಳೆಯಂಥ ತಂತಿ ಸುತ್ತಿದ ಬೆರಳುಗಳವು. ಕೆಳಗೆ, ಬಲ, ಹೊಡೆತ ಎಂದು ನಾನು ಬಿಡಿಸಿ ಹೇಳಿದ್ದನ್ನು ನಾಲ್ಕು ಸಲಕ್ಕೆ ಕಲಿತರು. ಯಾವಾಗಲೂ ಒಬ್ಬ ದಪ್ಪ, ನಿಧಾನದ ಜಟ್ಟಿಯನ್ನೇ ಆರಿಸುತ್ತಿದ್ದರು. "ಇಂವ ದುಡದ ಮನಿಷ್ಯಾ ಕಾಣ್ತಾನ. ಉಳಿದಾವರೆಲ್ಲ ಬರೇ ಕುಣೀತಾರ." ಪೆಟ್ಟಿಗೆ ಸರದಿಯಂತೆ ಒಬ್ಬರಿಗೆ, ಇನ್ನೊಬ್ಬರಿಗೆ ಲ್ಯಾಪ್‌ಟಾಪಿನ ಕೀಲಿಗಳು. ತಿಂಗಳೊಳಗೆ ನನ್ನನ್ನು ಸೋಲಿಸತೊಡಗಿದರು. ನಾನು ದಿನಾ ಮಧ್ಯಾಹ್ನ ಹೋಗುತ್ತಿದ್ದೆ. ಗಡಿಯಾರದಲ್ಲಿ ಎರಡು ತಾಸು ತುಂಬಿದರೆ ಗೆಲ್ಲುವ ಆಟವನ್ನೂ ಅರ್ಧಕ್ಕೆ ಬಿಟ್ಟು ಏಳುವರು. ನಾನೂ ಭುಜ ಹಿಡಿಯಲು ಏಳುವೆ.

ಆ ದೀಪಾವಳಿಯ ಹೊತ್ತಿಗೆ ಹುಮನಾಬಾದಿನ ಮೊಬೈಲ್ ಅಂಗಡಿಯವನೊಬ್ಬ ಮದುವೆ ನಡೆಯುವ ಒಂದು ಮಂಗಲ ಕಾರ್ಯಾಲಯದಲ್ಲಿ ಭಾನುವಾರ ಈ ಆಟದ ಪಂದ್ಯ ಇಟ್ಟ. ನಾನು ಇಬ್ಬರ ಹೆಸರನ್ನೂ ಕೊಟ್ಟು ಬಂದೆ. ರತ್ನಾಬಾಯಿ ನನಗೆ ಫ್ಯಾನಿಗಿಂತ ಹೆಚ್ಚು ಬೈದರು. ಮೂರು ದಿನದ ಮೇಲೆ ತಾವೇ ಮೋರಖಂಡಿಯಲ್ಲಿದ್ದ ನಾದಿನಿ ಕಲಾವತಿಗೆ ಫೋನ್ ಮಾಡಿದರು. ಅವಳು ಪಂದ್ಯದ ಹಿಂದಿನ ದಿನವೇ ಬಂದಳು. ದಿಂಬು ಎಲ್ಲಿ, ಕೈ ಎಲ್ಲಿ ಹಾಕಬೇಕು, ಗಂಜಿ ಎಷ್ಟು ತೆಳುವಿರಬೇಕು ಎಂದು ಅವಳಿಗೆ ಎಷ್ಟು ಸಲ ಹೇಳಿದರೆಂದರೆ, "ಅವರು ನಮ್ಮ ಅಪ್ಪ ಇದ್ದಾರ ವೈನಿ, ನಾ ಏನ್ ಹೊರಗಿನಾಕಿ?" ಎಂದು ಅವಳು ಸಿಟ್ಟಾದಳು.

ಭಾನುವಾರ ಹತ್ತು ಗಂಟೆಗೆ ಮಾವನನ್ನು ತಾವೇ ಬಲ ಮಗ್ಗುಲಿಗೆ ಮಲಗಿಸಿ, ರತ್ನಾಬಾಯಿ ನನ್ನೊಂದಿಗೆ ಬಸ್ಸು ಹತ್ತಿದರು. ಕಿಟಕಿಯ ಹತ್ತಿರ ಕುಳಿತು ದಾರಿಯುದ್ದಕ್ಕೂ ಒಂದೇ ಸಮನೆ ಹೊರಗೆ ನೋಡಿದರು. "ತೊಗರಿ ಹೂ ಬಿಟ್ಟಾವ" ಎಂದರು.

ಮಂಗಲ ಕಾರ್ಯಾಲಯದ ತುಂಬ ಹರೆಯದ ಹುಡುಗರು. ಸೀರೆಯುಟ್ಟು, ಪ್ಲೈವುಡ್ ಪೆಟ್ಟಿಗೆ ಬಗಲಲ್ಲಿ ಹಿಡಿದು ಬಂದ ಹೆಂಗಸನ್ನು ನೋಡಿ ಒಬ್ಬ, "ಕಾಕೂ, ಇದಕ್ಕ ದಂಡಾನೇ ಇಲ್ಲ. ಹಾರ್ಮೋನಿಯಂ ಏನ್ರಿ?" ಅಂದ.

"ಹೌದಪ್ಪಾ. ನೀ ಹಾಡು, ನಾ ಬಾರಸ್ತೀನಿ" ಎಂದರು ರತ್ನಾಬಾಯಿ.

ಮೊದಲ ಆಟದಲ್ಲೇ ನಾನು ಸೋತು ಹೊರಬಿದ್ದೆ. ಅವರ ಮೊದಲ ಎದುರಾಳಿ ಆ ಹಾರ್ಮೋನಿಯಂ ಅಂದವನೇ. ಅವನನ್ನು ಎರಡು ನಿಮಿಷದಲ್ಲಿ ಮಲಗಿಸಿದರು. ಎರಡನೆಯವನನ್ನೂ ಸೋಲಿಸಿದಾಗ ಹುಡುಗರೆಲ್ಲ ಅವರ ಕುರ್ಚಿಯ ಹಿಂದೆ ಸೇರಿ ಶಿಳ್ಳೆ ಹೊಡೆದರು. ರತ್ನಾಬಾಯಿಯ ಮುಖ ಕೆಂಪಗಾಗಿತ್ತು. ಅವರನ್ನು ಹಾಗೆ ನಾನೆಂದೂ ನೋಡಿರಲಿಲ್ಲ.

ಹನ್ನೆರಡು ಗಂಟೆಯಾಯಿತು. ಮನೆಗೆ ಫೋನ್ ಮಾಡಿದರು. ಕಲಾವತಿ ಎತ್ತಲಿಲ್ಲ. ಮತ್ತೆ ಮಾಡಿದರು, ಎತ್ತಲಿಲ್ಲ. ಅಷ್ಟರಲ್ಲಿ ಮೂರನೆಯ ಆಟಕ್ಕೆ ಹೆಸರು ಕೂಗಿದರು. ಫೋನನ್ನು ನನ್ನ ಕೈಗೆ ಕೊಟ್ಟು, "ನೀವು ಹಚ್ಕೋತ ಇರ್ರಿ" ಎಂದು ಕುಳಿತರು. ನಾನು ಹಚ್ಚುತ್ತಲೇ ಇದ್ದೆ. ಅವರು ಮೊದಲ ಸುತ್ತು ಗೆದ್ದರು. ಎರಡನೆಯ ಸುತ್ತಿನ ನಡುವೆ ತಲೆ ಎತ್ತಿ ನನ್ನ ಕಡೆ ನೋಡಿದರು. ನಾನು ಇಲ್ಲವೆಂದು ತಲೆಯಾಡಿಸಿದೆ. ಆ ಕ್ಷಣಕ್ಕೆ ಬಟನ್ನುಗಳಿಂದ ಎರಡೂ ಕೈ ತೆಗೆದು ಎದ್ದುಬಿಟ್ಟರು. ಹಿಂದಿದ್ದ ಹುಡುಗರು, "ಕಾಕೂ, ಗೆಲ್ಲಾಕತ್ತೀರಿ, ಕುಂಡ್ರಿ!" ಎಂದು ಕೂಗಿದರು. ಅವರಾಗಲೇ ಬಾಗಿಲು ದಾಟಿದ್ದರು.

ನಾನು ಪೆಟ್ಟಿಗೆ ಎತ್ತಿಕೊಂಡು ಹಿಂದೆ ಓಡಿದೆ; ಸಿಕ್ಕ ಜೀಪು ಹತ್ತಿ ಬಂದೆವು. ದಾರಿಯುದ್ದಕ್ಕೂ ಅವರ ಕೈ ಸೀಟಿನ ಕಬ್ಬಿಣ ಬಿಡಲಿಲ್ಲ. ಓಣಿಯಲ್ಲಿ ಇಳಿದವರೇ ಓಡಿದರು.

ಮಾವ ಎಡ ಮಗ್ಗುಲಿಗೆ ಸುಖವಾಗಿ ನಿದ್ದೆ ಮಾಡುತ್ತಿದ್ದರು. ಬೆನ್ನಿಗೆ ದಿಂಬಿತ್ತು, ಮೈಮೇಲೆ ಒಗೆದ ಅಂಗಿ. ಕಲಾವತಿ ತಟ್ಟೆ ತೊಳೆಯುತ್ತಿದ್ದಳು. "ಫೋನಾ? ಚಾರ್ಜಿಗೆ ಹಾಕಿದ್ದೆ ವೈನಿ, ಅಪ್ಪಗ ಗಂಜಿ ಉಣಸಾಕತ್ತಿದ್ದೆ. ಇಷ್ಟ ಲಗು ಯಾಕ ಬಂದ್ರಿ?"

ರತ್ನಾಬಾಯಿ ಮಾವನ ಬೆನ್ನಿನ ದಿಂಬು ಮುಟ್ಟಿ ನೋಡಿದರು. ಹೊರಗೆ ಬಂದು ಚಾಪೆಯ ಮೇಲೆ ಕುಳಿತು ಹೇಳಿದರು: "ನಾ ಇಲ್ದಿದ್ರೂ ನಡೀತದಂತ ಇವತ್ತ ಗೊತ್ತಾತು ಸರ."

"ಒಳ್ಳೆಯದೇ ಆಯಿತಲ್ಲ" ಎಂದೆ.

"ಒಳ್ಳೇದು ಹ್ಯಾಂಗ ಆತದ್ರಿ? ನನ್ನ ಬಿಟ್ರ ಯಾರೂ ಇಲ್ಲಂತ ಏಳು ವರ್ಷ ಕುಂತೇನಿ. ಕೇಳಿದ್ರ ಈಕಿ ಬರ್ತಿದ್ಲು. ನಾ ಯಾಕ ಕೇಳಲಿಲ್ಲ?"

ಮುಂದೆ ಕಲಾವತಿ ತಿಂಗಳಿಗೆರಡು ಸಲ ಬರುತ್ತೇನೆಂದಳು, ರತ್ನಾಬಾಯಿ "ಇಷ್ಟ ವರ್ಷ ನಾನೇ ಮಾಡೇನಿ, ಉಳಿದದ್ದೂ ಮಾಡ್ತೀನಿ" ಎಂದು ಬೇಡವೆಂದರು. ಆಟವನ್ನೂ ನಿಲ್ಲಿಸಿದರು. ನಾನು ಪೆಟ್ಟಿಗೆ ತೆಗೆದುಕೊಂಡು ಹೋದರೆ, "ನೀವು ಆಡ್ರಿ, ನಾ ನೋಡ್ತೀನಿ" ಎಂದು ಕೆಲಸದ ಕಡೆ ತಿರುಗುವರು. ಜನವರಿಯಲ್ಲಿ ನಾನು ಶಾಲೆಗೆ ಮರಳಿದೆ. ಹೋಗುವುದು ವಾರಕ್ಕೊಮ್ಮೆಯಾಯಿತು, ಆಮೇಲೆ ತಿಂಗಳಿಗೊಮ್ಮೆ.

ಬೇಸಿಗೆಯಲ್ಲಿ ಮಾವ ತೀರಿಕೊಂಡರು. ಮಣ್ಣು ಮಾಡುವ ದಿನ ಗಂಡ ಸೊಲ್ಲಾಪುರದಿಂದ ಬಂದ. ಮೂರು ತಿಂಗಳಲ್ಲಿ ಮನೆ ಮಾರಿದ. ರತ್ನಾಬಾಯಿ ನಿರ್ಣಾಕ್ಕೆ, ತಮ್ಮನ ಮನೆಗೆ ಹೋದರೆಂದು ಓಣಿಯವರು ಹೇಳಿದರು. ಇನ್ನು ಅವರಿಗೆ ಬಿಡುಗಡೆ, ಎಲ್ಲಾದರೂ ದೊಡ್ಡ ಅಂಗಡಿ ಹಾಕಬಹುದು ಎಂದು ಲೆಕ್ಕ ಹಾಕಿದ್ದವನು ನಾನು.

ದಸರೆಯ ರಜೆಯಲ್ಲಿ ಒಂದು ಮಿಕ್ಸರ್ ಚೀಲಕ್ಕೆ ಹಾಕಿಕೊಂಡು ನಿರ್ಣಾಕ್ಕೆ ಹೋದೆ. ಅವರ ತಮ್ಮ ಒಳ್ಳೆಯ ಮನುಷ್ಯ, ಚಹಾ ಕೊಟ್ಟ. ಚೀಲ ನೋಡಿ ಮಾತ್ರ ಮೆತ್ತಗೆ ಹೇಳಿದ: "ಅಕ್ಕ ಈಗ ಅದೆಲ್ಲಾ ಬಿಟ್ಟಾಳ್ರಿ ಸರ. ಹೆಣ್ಮಗಳು ಮನಿ ಮುಂದ ಕುಂತು ಗಂಡಸ್ರ ಜೋಡಿ ಮಾತಾಡ್ಕೋತ ರಿಪೇರಿ ಮಾಡಿದ್ರ ಸಣ್ಣ ಊರಾಗ ಛಲೋ ಕಾಣೂದಿಲ್ಲ. ಆಕಿಗೆ ಇಲ್ಲಿ ಏನ್ ಕಮ್ಮಿ ಅದ?"

ರತ್ನಾಬಾಯಿ ಸೋಯಾ ಒಕ್ಕುತ್ತಿದ್ದ ಕಣದಿಂದ ಬಂದರು. ಮೈಯೆಲ್ಲ ಹೊಟ್ಟು. ಎಂಟು ಜನರ ಅಡುಗೆ, ಎರಡು ಎಮ್ಮೆ, ಹೊಲ. ತಮ್ಮನ ಮುಂದೆ ನನ್ನ ಸೌಖ್ಯ ಕೇಳಿದರು, ಅಷ್ಟೆ. ನಾನು ಹೊರಟಾಗ ಎಮ್ಮೆಗೆ ನೀರು ಕುಡಿಸುವ ನೆಪದಲ್ಲಿ ಬಸ್ಸು ನಿಲ್ಲುವ ಬೇವಿನ ಮರದವರೆಗೆ ಬಂದರು.

"ಆ ಮಿಕ್ಸರ್ ಖರೆನೇ ಕೆಟ್ಟದೇನು, ನೀವೇ ಕೆಡಿಸಿ ತಂದೀರಿ?"

"ನಾನೇ ತಂತಿ ಕಿತ್ತೆ" ಎಂದೆ.

ಸೆರಗಿನಿಂದ ಬಾಯಿ ಮುಚ್ಚಿಕೊಂಡು ಜೋರಾಗಿ ನಕ್ಕರು. ಎಮ್ಮೆ ಹಗ್ಗ ಜಗ್ಗಿತು. ಮನೆಯ ಕಡೆಯಿಂದ ತಮ್ಮನ ಹೆಂಡತಿ "ಅಕ್ಕಾ" ಎಂದು ಕರೆದಳು. ನಗು ನಿಂತಿತು.

"ಸರ, ಮತ್ತ ಬರಬ್ಯಾಡ್ರಿ. ಮಂದಿ ಬ್ಯಾರೇನೇ ತಿಳೀತಾರ. ನಾ ಇಲ್ಲೇ ಇರಬೇಕು."

ಬಸ್ಸು ಬಂತು, ಹತ್ತಿದೆ. ಅದಾಗಿ ಎರಡು ವರ್ಷವಾಯಿತು. ಅವರು ಹೇಳಿದ್ದು ಸರಿಯೆಂದು ನನಗೆ ಒಂದು ದಿನವೂ ಅನಿಸಿಲ್ಲ. ಆದರೂ ನಾನು ಹೋಗಿಲ್ಲ.