ಕಳಸಕ್ಕೆ ಸೀಟಿಲ್ಲದ ಕಾರು

ಕಳೆದ ಬೇಸಿಗೆಯ ಮದುವೆ ಸೀಸನ್ನಿನ ಮಾತು. ಕೊಪ್ಪದಲ್ಲಿ ನಾನು ದಿಬ್ಬಣಕ್ಕೆ ಕಾರು ಬಾಡಿಗೆಗೆ ಕೊಡುತ್ತೇನೆ. ಇರುವುದು ಒಂದೇ, ಹೆಚ್ಚುಕಡಿಮೆ ನನ್ನ ವಯಸ್ಸಿನ ಬಿಳಿ ಅಂಬಾಸಿಡರ್. ಬಸ್‌ಸ್ಟ್ಯಾಂಡ್ ಪಕ್ಕ ಹೂ ಮಾರಿ ಕೂಡಿಸಿದ್ದರಲ್ಲಿ, ಗುಜರಿಗೆ ಹೊರಟಿದ್ದ ಕಾರನ್ನು ಚೌಕಾಸಿ ಮಾಡಿ ಕೊಂಡೆ. ಓಡಿಸುವುದೂ ನಾನೇ.

ಭಂಡಿಗಡಿಯ ಪ್ರಸನ್ನನ ಮದುವೆಗೆ ನನ್ನ ಕಾರನ್ನು ಗೊತ್ತು ಮಾಡಿದ್ದರು. ಬೆಳಿಗ್ಗೆ ಹೋಗಿ ನೋಡಿದರೆ ಅಂಗಳದಲ್ಲಿ ಹಳದಿ ಸ್ಪೋರ್ಟ್ಸ್ ಕಾರು! ಮದುಮಗನ ಗೆಳೆಯ ನಿತಿನ್ ಮಂಗಳೂರಿನಿಂದ ತಂದಿದ್ದ. ನೆಲಕ್ಕೆ ಅಂಟಿಕೊಂಡಂತಿದ್ದ ಅದರ ಸುತ್ತ ನೆಂಟರೆಲ್ಲ ನೆರೆದಿದ್ದರು.

“ಜಯಕ್ಕಾ, ಬೇಜಾರು ಮಾಡ್ಕೋಬೇಡಿ. ನಿಮ್ಮ ಕಾರಲ್ಲಿ ಹಣ್ಣಿನ ಬುಟ್ಟಿ ಬರ್ಲಿ” ಎಂದ ಪ್ರಸನ್ನ.

“ಹಂಗೇ ಆಗ್ಲಿ ಮಾರಾಯ. ಬಾಡಿಗೆ ಮಾತ್ರ ಮದುಮಗನ ಕಾರಿನದ್ದೇ” ಎಂದೆ.

ಅಷ್ಟರಲ್ಲಿ ಅವನ ತಂಗಿ ಸುಮಾ ಕಳಸ ಹಿಡಿದು ಬಂದಳು. ಅವರ ಮನೆತನದಲ್ಲಿ ಕಳಸ ಹಿಡಿದ ತಂಗಿ ಮದುಮಗನ ಜೊತೆಯಲ್ಲೇ ಹೊರಟು, ಅವನ ಜೊತೆಯಲ್ಲೇ ಮಂಟಪಕ್ಕೆ ಕಾಲಿಡಬೇಕು. ಹಳದಿ ಕಾರಿಗೋ ಎರಡೇ ಸೀಟು. ಓಡಿಸಲು ನಿತಿನ್, ಪಕ್ಕಕ್ಕೆ ಮದುಮಗ. ಅಲ್ಲಿಗೆ ಮುಗಿಯಿತು.

“ಕಳಸ ಎಂತ, ಡಿಕ್ಕೀಲಿ ಬರ್ತದಾ?” ಸೋದರಮಾವ ಗುಡುಗಿದರು.

“ಇದಕ್ಕೆ ಡಿಕ್ಕಿ ಮುಂದೆ ಉಂಟು ಅಂಕಲ್” ಎಂದು ವಿವರಿಸಲು ಹೋದ ನಿತಿನ್ ಇನ್ನಷ್ಟು ಬೈಸಿಕೊಂಡ.

ನಾನು ನನ್ನ ಕಾರಿನ ಹಿಂದಿನ ಬಾಗಿಲು ತೆರೆದೆ, ಅಷ್ಟೆ. ಮದುಮಗ, ಸುಮಾ, ಮಾವ ಮೂವರೂ ಸೋಫಾದಲ್ಲಿ ಕೂತಂತೆ ಕೂತರು. ದಿಬ್ಬಣದ ಬಸ್ಸು ಮುಂದೆ ಹೋಯಿತು. ರಸ್ತೆಯ ಹಂಪುಗಳನ್ನು ನಾನು ಸಲೀಸಾಗಿ ಹತ್ತಿಸಿ ಇಳಿಸುತ್ತಿದ್ದರೆ, ಹಿಂದೆ ನಿತಿನ್ ತಳ ತಾಗೀತೆಂದು ಹೆದರಿ ಏಡಿಯ ಹಾಗೆ ಓರೆಯಾಗಿ ದಾಟಿಸುತ್ತಿದ್ದ. ಕನ್ನಡಿಯಲ್ಲಿ ನೋಡಿ ನನಗೆ ಒಳಗೊಳಗೇ ಖುಷಿ.

ಹರಿಹರಪುರ ದಾಟಿದ ಮೇಲೆ ಒಂದು ಏರಿನಲ್ಲಿ ಫ್ಯಾನ್ ಬೆಲ್ಟ್ ಕಡಿಯಿತು. ಬಾನೆಟ್ಟಿನಿಂದ ಹಬೆ! ಶೃಂಗೇರಿಯಲ್ಲಿ ಮುಹೂರ್ತಕ್ಕೆ ಅರ್ಧ ಗಂಟೆ ಉಳಿದಿತ್ತು. ತಪ್ಪಿದರೆ ಆ ದಿನ ಬೇರೆ ಮುಹೂರ್ತವಿಲ್ಲ. ಬಸ್ಸಿನವರಿಗೆ ಫೋನ್ ಮಾಡೋಣವೆಂದರೆ ನೆಟ್‌ವರ್ಕ್ ಇಲ್ಲ. ಸುಮಾಳ ಕಣ್ಣಲ್ಲಿ ನೀರು.

“ಪ್ರಸನ್ನ, ನೀನು ಪಿಕಪ್ ಓಡಿಸ್ತೀಯಲ್ಲ? ಇಳಿ. ಹಿಂದಿನ ಹಳದಿ ಕಾರಲ್ಲಿ ಎರಡು ಸೀಟು, ಹೋಗಲೇಬೇಕಾದವ್ರೂ ಇಬ್ರೇ. ನಾವು ತಡವಾಗಿ ಬಂದ್ರೂ ಊಟ ಸಿಗ್ತದೆ” ಎಂದೆ.

“ನನ್ನ ಮದುವೆಗೆ ನಾನೇ ಡ್ರೈವರಾ ಜಯಕ್ಕಾ?”

“ಮದುವೆ ಆದ್ಮೇಲೆ ಹೆಂಗೂ ಅದೇ ಕೆಲಸ. ಈಗ್ಲೇ ಶುರು ಮಾಡು!”

ಮಾವ ನಗಲಿಲ್ಲ. ವಾಚು ನೋಡಿ, “ನಿಧಾನ ಹೋಗು... ಬೇಗ ಹೋಗೋ!” ಎಂದರು.

ನಿತಿನ್ ಎದೆ ಗಟ್ಟಿ ಮಾಡಿಕೊಂಡು ಕಾರನ್ನು ಒಪ್ಪಿಸಿದ. ಪೇಟ ಛಾವಣಿಗೆ ತಾಗಿತೆಂದು ಮದುಮಗ ತೆಗೆದು ಸೀಟಿನ ಹಿಂದೆ ತುರುಕಿದ. ಕಾರು ಒಮ್ಮೆ ಗುರುಗುಟ್ಟಿತು. ನಾನು ಬಾನೆಟ್ ಎತ್ತುವುದರೊಳಗೆ ಏರು ಹತ್ತಿ ಮಾಯ!

ಮುಂದಿನದು ಸುಮಾ ಹೇಳಿದ್ದು. ಮಂಟಪದ ಬಾಗಿಲಲ್ಲಿ ಮದುಮಗಳ ಅಣ್ಣ ಕಾರಿನ ಎಡಬಾಗಿಲು ತೆರೆದು, ಕಳಸ ಹಿಡಿದವಳನ್ನಷ್ಟೇ ಕಂಡು, “ಮದುಮಗ ಎಲ್ಲಿ?” ಎಂದು ಗಾಬರಿಯಾದನಂತೆ. ಸ್ಟೇರಿಂಗ್ ಹಿಡಿದಿದ್ದ ಪ್ರಸನ್ನ, “ಇಲ್ಲಿದ್ದೀನಿ ಭಾವ, ಇದನ್ನ ಎಲ್ಲಿ ನಿಲ್ಲಿಸ್ಲಿ?” ಎಂದನಂತೆ. ಮುಹೂರ್ತ ತಪ್ಪಲಿಲ್ಲ. ನಾವು ಮೂವರು ಲೈನ್ ಬಸ್ಸಿನಲ್ಲಿ ನಿಂತುಕೊಂಡು ಬಂದು ಮುಟ್ಟಿದಾಗ ಪಾಯಸ ಬಡಿಸುತ್ತಿದ್ದರು.

ಹಳೇ ಕಾರು ಮೇಲೋ ಹೊಸದು ಮೇಲೋ ಎಂದು ಕೇಳುವವರಿಗೆ ನನ್ನ ಸಲಹೆ ಇಷ್ಟೆ: ಮೊದಲು ಯಾರ್ಯಾರು ಒಟ್ಟಿಗೆ ಕೂರಬೇಕು ನೋಡಿ, ಆಮೇಲೆ ಎಷ್ಟು ಹೊತ್ತು ಇದೆ ನೋಡಿ. ಆ ಏರು ಹತ್ತುವಾಗಲೆಲ್ಲ ನನಗೆ ಆ ಹಳದಿ ಕಾರಿನ ಓಟ ಕಣ್ಣಿಗೆ ಕಟ್ಟುತ್ತದೆ. “ಎಂಥಾ ಕಾರು ಮಾರಾಯ್ತಿ!” ಎಂದು ಗಟ್ಟಿಯಾಗಿಯೇ ಹೇಳಿಕೊಳ್ಳುತ್ತೇನೆ. ಹಿಂದೆ ಗಿರಾಕಿ ಕೂತಿದ್ದರೆ ಮಾತ್ರ ಹೇಳುವುದಿಲ್ಲ.