ಕಾರ್ಗಿ ಸಂಬಂಧ

ಯಾರೋ ಸಾಕಿ ಬಿಟ್ಟುಹೋದ ಕಾರ್ಗಿ ನಾಯಿಯೊಂದನ್ನು ಮನೆಗೆ ತರೋಣ ಅಂತ ಅನಾಥ ನಾಯಿಗಳನ್ನ ನೋಡಿಕೊಳ್ಳೋ ಸಂಸ್ಥೆಯೊಂದಕ್ಕೆ ಅರ್ಜಿ ಹಾಕಿದ್ದೆ. ಮನೇಲಿ ಈಗಾಗಲೇ ಎಷ್ಟು ನಾಯಿ ಇವೆ ಅಂತ ಫಾರ್ಮಿನಲ್ಲಿ ಕೇಳಿದ್ದರು. ಮೂರು ಅಂತ ನಿಜವನ್ನೇ ಬರೆದೆ. ಭಾನುವಾರ ಕುರುಬರಹಳ್ಳಿಯ ನಮ್ಮ ಮನೆ ನೋಡೋಕೆ ಸಂಸ್ಥೆಯಿಂದ ಒಬ್ಬ ಹುಡುಗಿ ಬರ್ತಾಳೆ ಅಂದರು.

ಸಂಬಂಧ ಕುದುರಿಸೋಕೆ ಗಂಡಿನ ಕಡೆಯವರೇ ಬರ್ತಿದಾರೇನೋ ಅನ್ನೋ ಹಾಗೆ ಅಮ್ಮ ಕೇಸರಿಬಾತ್ ಮಾಡಿದರು. ಎರಡು ನಾಯಿಗೆ ಸ್ನಾನ ಮಾಡಿಸಿದರು. ಕಂಡೋರಿಗೆಲ್ಲ ಬೊಗಳೋ ಮುದಿ ಕರಿಯನನ್ನು ಮಹಡಿ ಮನೆ ಆಂಟಿ ಹತ್ತಿರ ಬಚ್ಚಿಟ್ಟರು.

ಹುಡುಗಿ ಬಂದವಳೇ ಫಾರ್ಮ್ ನೋಡಿದಳು. "ಸಾರ್, ಮೂರು ಅಂತ ಬರೆದಿದೀರ. ಇಲ್ಲಿ ಎರಡೇ ಇದಾವಲ್ಲ?"

ನಾನು ಬಾಯಿ ಬಿಡೋ ಮುಂಚೆ ಅಮ್ಮ ಅಂದರು, "ಎರಡೇ ಕಣಮ್ಮ. ಇವನು ಲೆಕ್ಕದಲ್ಲಿ ಮೊದಲಿಂದಲೂ ವೀಕು."

ಮೇಲಿಂದ ಬೊಗಳೋದು ಕೇಳಿಸಿತು.

"ಅದು ಬೀದಿ ನಾಯಿ, ನಮ್ದಲ್ಲ," ಅಂದರು ಅಮ್ಮ.

ಅಮ್ಮನ ದನಿ ಕೇಳಿದ್ದೇ ತಡ, ಕರಿಯ ಆಂಟಿ ಕೈಯಿಂದ ತಪ್ಪಿಸಿಕೊಂಡು ಮೆಟ್ಟಿಲಿಳಿದು ಬಂದು ಅಮ್ಮನ ಪಾದದ ಮೇಲೇ ಕೂತ.

ಹುಡುಗಿ ಕೇಸರಿಬಾತ್ ಪೂರ್ತಿ ತಿಂದು ಎದ್ದಳು. "ಇರೋ ನಾಯಿನೇ ನಮ್ದಲ್ಲ ಅಂದ್ಬಿಟ್ರೆ, ಇನ್ನೊಂದನ್ನ ಹೇಗೆ ಕೊಡ್ಲಿ ಆಂಟಿ?"

ಅವತ್ತಿಂದ ಅಮ್ಮ ಕರಿಯನಿಗೆ ದಿನಾ ಒಂದು ಮೊಟ್ಟೆ ಹಾಕ್ತಿದಾರೆ. ಕಾರ್ಗಿ ಬರದೇ ಇದ್ದದ್ದರಿಂದ ಉದ್ಧಾರ ಆದೋನು ಅವನೊಬ್ಬನೇ.