ಗುರಪಾದಪ್ಪ ಬಿಡದ ಪದ

ಧಾರವಾಡದ ಸಪ್ತಾಪುರದಲ್ಲಿ ಸಂಸಾರದ ಮನೆಗಳಿಗಿಂತ ಪರೀಕ್ಷೆಗೆ ಓದುವವರ ಕೋಣೆಗಳೇ ಹೆಚ್ಚು. ನಾನೂ ಒಂದು ಕಾಲಕ್ಕೆ ಓದಲು ಬಂದವನೇ. ಬೇಗ ಬುದ್ಧಿ ಬಂತು, ಝೆರಾಕ್ಸ್ ಅಂಗಡಿ ಹಾಕಿದೆ. ಬುದ್ಧಿ ಬಾರದೆ ಉಳಿದವನು ನನ್ನ ಅಂಗಡಿಯ ಮಾಳಿಗೆಯ ಮೇಲಿದ್ದ ಗುರಪಾದಪ್ಪ ಹಾದಿಮನಿ.

ರಾಮದುರ್ಗದ ಕಡೆಯವನು. ಕೆಎಎಸ್ ಮಾಡುತ್ತೇನೆಂದು ಬಂದು, ವಯೋಮಿತಿ ಮುಗಿದರೂ ಊರಿಗೆ ಹೋಗದೆ ಆ ಮಾಳಿಗೆಯ ಓದುವ ಕೋಣೆಯ ಕಸ ಹೊಡೆಯುತ್ತ, ಪೇಪರು ಜೋಡಿಸಿಡುತ್ತ ಉಳಿದುಬಿಟ್ಟ. ಓದಿದ ಪದಗಳು ಮಾತ್ರ ನಾಲಿಗೆ ಬಿಡಲಿಲ್ಲ. ಖಾನಾವಳಿಯಲ್ಲಿ ರೊಟ್ಟಿ ತಡವಾದರೆ "ಅಕ್ಕಾರ, ಇದು ಸದನದ ಚುಕ್ಕಿ ಗುರುತಿನ ಪ್ರಶ್ನೆ, ಬಾಯಿಲೇ ಉತ್ತರ ಕೊಡ್ರಿ" ಅನ್ನುವನು. ಮದುವೆಯಾಗೆಂದು ಅವ್ವ ಫೋನು ಮಾಡಿದರೆ ಅದು ಸುಗ್ರೀವಾಜ್ಞೆ, ಆರು ತಿಂಗಳು ತಡೆದರೆ ತಾನೇ ಬಿದ್ದುಹೋಗುತ್ತದೆ ಎಂದು ನಗುವನು. ಆ ನಗು ಕಂಡಾಗಲೆಲ್ಲ ನನಗೆ ಸಿಟ್ಟು ಬರುತ್ತಿತ್ತು. ಅವನ ಅವ್ವನಿಗೆ ಇವನೊಬ್ಬನೇ ಮಗ.

ಮಧ್ಯಾಹ್ನ ಉಂಡು ಬಂದವರಿಗೆ ತೂಕಡಿಕೆ ಬಾರದಿರಲೆಂದು ಅವನು ಪದ ಒಗೆಯುವ ರೂಢಿ ಹಾಕಿದ್ದ. ಬಾಗಿಲ ಬಳಿ ನಿಂತು ಒಂದು ಪದ ಒಗೆದರೆ ಯಾರಾದರೊಬ್ಬರು ಅರ್ಥ ಹೇಳಿ ಹಿಡಿಯಬೇಕು. ಯಾರೂ ಹಿಡಿಯದೆ ಬಿದ್ದ ಪದ ಪರೀಕ್ಷೆಯಲ್ಲಿ ಬಂದೇ ಬರುತ್ತದೆಂದು ಹುಡುಗರ ನಂಬಿಕೆ. ಕೆಲವು ಪದಗಳಿಗೆ ಒಡೆಯರೂ ಇದ್ದರು. 'ಬಂದಿ ಪ್ರತ್ಯಕ್ಷೀಕರಣ', ಅಂದರೆ ಹೇಬಿಯಸ್ ಕಾರ್ಪಸ್, ಕುಷ್ಟಗಿ ಕಡೆಯ ಯಮನೂರನದು. ಗುರಪಾದಪ್ಪ ಬೇಕೆಂದೇ "ಬಂದಿ..." ಎಂದು ನಿಲ್ಲಿಸುವನು. ನಮ್ಮ ಕಡೆ 'ಬಂದಿ' ಅಂದರೆ 'ಬಂದೆಯಾ' ಅಂತಲೂ ಆಯಿತಲ್ಲ, ಯಮನೂರ ಕಿಟಕಿ ಪಕ್ಕದ ಕುರ್ಚಿಯಿಂದ "ಬಂದೀನ್ರಿ ಸರಾ" ಅನ್ನುವನು. ಕೋಣೆಯೆಲ್ಲ ನಕ್ಕ ಮೇಲೆ ಸರಿಯಾದ ಅರ್ಥ ಹೇಳುವನು.

ಒಂದು ಫಲಿತಾಂಶದ ದಿನ ಯಮನೂರ ಹೊರಗೆ ಹೋದವನು ಬರಲಿಲ್ಲ. ಊರ ಹೊರಗಿನ ಕೆರೆಯ ದಂಡೆಯಲ್ಲಿ ಅವನ ಚಪ್ಪಲಿ ಸಿಕ್ಕವು. ಕೆರೆ ಜಾಲಾಡಿದರೂ ಹೆಣ ಸಿಗಲಿಲ್ಲ. ಎಲ್ಲೋ ಓಡಿಹೋಗಿರಬೇಕು ಎಂದರು ಕೆಲವರು. ಉಳಿದವರು ಪುಸ್ತಕ ತೆರೆದರು.

ಮಳೆಯ ಜೋರು ಇಳಿದ ಮೇಲೆ, ಪ್ರಚಲಿತ ವಿದ್ಯಮಾನಗಳ ಪ್ರತಿ ಕೊಡಲೆಂದು ಒಂದು ಮಧ್ಯಾಹ್ನ ಮೇಲೆ ಹತ್ತಿದೆ. ಗುರಪಾದಪ್ಪ "ಬಂದಿ..." ಎಂದು ನಿಲ್ಲಿಸಿದ. ಕಿಟಕಿಯ ಪಕ್ಕದ ಕುರ್ಚಿ ಖಾಲಿಯಿತ್ತು. ಅಲ್ಲಿಂದ "ಬಂದೀನ್ರಿ ಸರಾ" ಎಂಬುದು ಸ್ಪಷ್ಟವಾಗಿ ಕೇಳಿತು. ನನ್ನ ಕೈಯ ಹಾಳೆಗಳು ನೆಲಕ್ಕೆ ಬಿದ್ದವು. ಓದುತ್ತಿದ್ದವರಲ್ಲಿ ಒಬ್ಬರೂ ತಲೆ ಎತ್ತಲಿಲ್ಲ. ಅವರಿಗೆ ಅದು ರೂಢಿಯಾಗಿಬಿಟ್ಟಿತ್ತು, ನನಗೆ ಹೆಚ್ಚು ಹೆದರಿಕೆಯಾದದ್ದು ಅದಕ್ಕೆ.

ಹೊರಗೆ ಕರೆದು ಕೇಳಿದರೆ ಗುರಪಾದಪ್ಪ ತಣ್ಣಗೆ ಹೇಳಿದ: "ದಿನಾ ಬರ್ತಾನ. ನಾ ಊರಿಗೆ ಹ್ವಾದ್ರ ಅವಂಗ ಪದ ಯಾರು ಒಗೀತಾರಪಾ?"

ಮಹಾಲಯ ಅಮಾವಾಸ್ಯೆ ಎರಡು ದಿನವಿದೆ ಎನ್ನುವಾಗ ಯಮನೂರನ ತಾಯಿ ದುರಗವ್ವ ಬಂದಳು. ಮಗನ ಹೆಸರಿಗೆ ಎಡೆ ಇಡೆಂದು ಮಂದಿ ಗಂಟುಬಿದ್ದಿದ್ದರಂತೆ. ಹೆಣ ಕಣ್ಣಿಲೆ ಕಾಣದೆ, ಜೀವಂತ ಇದ್ದಿರಬಹುದಾದ ಮಗನಿಗೆ ಎಡೆ ಇಟ್ಟರೆ ಯಾವ ನರಕ ಎಂದು ಅವಳ ಸಂಕಟ. ಹೈಕೋರ್ಟಿನ ಬಳಿ ಒಬ್ಬ ವಕೀಲರನ್ನು ಕಂಡು ನೇರ ಇಲ್ಲಿಗೆ ಬಂದಿದ್ದಳು. ನಾನೇ ಅವಳನ್ನು ಮೇಲೆ ಕರೆದೊಯ್ದೆ.

"ಅದೇನೋ ಒಂದು ಆಜ್ಞಾ ಐತಂತಪಾ" ಎಂದಳು ಗುರಪಾದಪ್ಪನಿಗೆ. "ಹಿಡಕೊಂಡಾವ್ರು ಮನಶ್ಯಾನ್ನ ತಂದು ಪ್ರತ್ಯಕ್ಷ ನಿಂದರಸಬೇಕಂತ. ಹಿಡಕೊಂಡಾವ್ರು ಯಾರವ್ವಾ ಅಂತ ವಕೀಲ ಕೇಳಿದ. ನನಗೇನ್ ಗೊತ್ತು? ನೀವೆಲ್ಲಾ ಅದನ್ನ ಓದ್ತೀರಂತ, ನೀನರ ಅದನ್ನೊಮ್ಮಿ ಅನ್ನು."

ಬೇಡವೆಂದು ನಾನು ಗುರಪಾದಪ್ಪನಿಗೆ ಸನ್ನೆ ಮಾಡಿದೆ. ಅವನು ನನ್ನ ಕಡೆ ನೋಡಲಿಲ್ಲ. "ಬಂದಿ..." ಎಂದ.

ದುರಗವ್ವ ಯಾರನ್ನೋ ಮಾತಾಡಿಸಿದನೆಂದು ಬಾಗಿಲ ಕಡೆ ತಿರುಗಿದಳು. ಕಿಟಕಿಯ ಕಡೆಯಿಂದ ದನಿ ಬಂತು. "ಬಂದೀನ್ರಿ ಸರಾ."

ಅವಳು ಚೀರಲಿಲ್ಲ. ಕುರ್ಚಿಯ ಹತ್ತಿರ ಹೋಗಿ, ಕೂತವನ ತಲೆ ಇರುವಷ್ಟು ಎತ್ತರಕ್ಕೆ ಕೈ ಇಟ್ಟಳು. "ತಲಿಯೆಲ್ಲಾ ಹಸಿ ಐತಲ್ಲೋ ಯಪ್ಪಾ" ಎಂದು ಸೆರಗಿನಿಂದ ಗಾಳಿಯನ್ನು ಒರೆಸತೊಡಗಿದಳು. ಅವಳಿಗೆ ತಿಳಿಯಬೇಕಾದದ್ದು ತಿಳಿಯಿತು.

ಒರೆಸಿದ ಮೇಲೆ ಗುರಪಾದಪ್ಪನ ಕಡೆ ತಿರುಗಿದಳು. ಸಿಟ್ಟಿರಲಿಲ್ಲ. "ನೀನ ಹಿಡಕೊಂಡೀಯಲ್ಲಪಾ ಇವನ್ನ. ಬಿಡು. ಮನ್ಯಾಗ ಉಣ್ಣಾಕ ಇಡಬೇಕು."

ಗುರಪಾದಪ್ಪ ಅಷ್ಟು ಮಂದಿಯ ಮುಂದೆ ಅತ್ತುಬಿಟ್ಟ. ಅಳುತ್ತಲೇ, ಆ ಪದವನ್ನು ಬೇರೆ ಯಾರಿಗೂ ಹಿಡಿಯಗೊಡದವನು, ಮೂಲೆಯಲ್ಲಿದ್ದ ಹೊಸ ಹುಡುಗಿಯ ಕಡೆ ಕೈ ಮಾಡಿದ. "ಕಸ್ತೂರಿ, ಇದನ್ನ ಇನ್ನ ನೀ ಹಿಡಿಯವಾ. ಬಂದಿ ಪ್ರತ್ಯಕ್ಷೀಕರಣ."

ಕಸ್ತೂರಿ ಎದ್ದು, ಬರೆದು ಬಾಯಿಪಾಠ ಮಾಡಿದ್ದನ್ನೇ ಹೇಳಿದಳು. ಕಾನೂನುಬಾಹಿರವಾಗಿ ಹಿಡಿದಿಟ್ಟ ವ್ಯಕ್ತಿಯನ್ನು ನ್ಯಾಯಾಲಯದ ಮುಂದೆ ಹಾಜರುಪಡಿಸಿ ಬಿಡುಗಡೆ ಮಾಡಲು ನೀಡುವ ಆಜ್ಞೆ. 'ಬಿಡುಗಡೆ' ಎನ್ನುವಾಗ ಕಿಟಕಿಯ ಬಳಿಯ ಕುರ್ಚಿ, ಯಾರೋ ಎದ್ದಾಗ ಆಗುವಂತೆ, ಕಿರ್ರೆಂದಿತು.

ಸಂಜೆಯ ಬಸ್ಸಿಗೆ ನಾನು, ಗುರಪಾದಪ್ಪ ಇಬ್ಬರೂ ದುರಗವ್ವನನ್ನು ಹತ್ತಿಸಲು ಹೋದೆವು. ಅವಳು ಕಿಟಕಿ ಬದಿಯ ಸೀಟು ಬಿಟ್ಟು ಈಚೆ ಕೂತು, ಗಂಟನ್ನು ತೊಡೆಯ ಮೇಲೇ ಇಟ್ಟುಕೊಂಡಳು. ಬಸ್ಸು ತುಂಬಿತ್ತು. ಆ ಸೀಟಿನ ಹತ್ತಿರ ಬಂದವರೆಲ್ಲ ಒಮ್ಮೆ ನೋಡಿ ಹಿಂದಕ್ಕೆ ಹೋಗಿ ನಿಂತರು. ಕಂಡಕ್ಟರ್ ಬಂದು ಅವಳ ಆಧಾರ್ ನೋಡಿ ಶೂನ್ಯ ದರದ ಚೀಟಿ ಹರಿದುಕೊಟ್ಟ. ಆಮೇಲೆ ಕಿಟಕಿಯ ಕಡೆ ಬೆರಳು ಮಾಡಿದ.

"ಯವ್ವಾ, ಫ್ರೀ ಹೆಣ್ಮಕ್ಕಳಿಗಷ್ಟ. ಈ ತಮ್ಮಂದು ರೊಕ್ಕ ಕೊಡಬೇಕಲ್ಲ."

ದುರಗವ್ವ ಸೆರಗಿನ ಗಂಟು ಬಿಚ್ಚಿದಳು. ಸೆರಗಿನ ತುದಿ ಇನ್ನೂ ತೊಟ್ಟಿಕ್ಕುತ್ತಿತ್ತು.

ಬಸ್ಸು ಹೋಯಿತು. ಗುರಪಾದಪ್ಪ ಈ ಊರಿಗೆ ಹೊಸಬನಂತೆ ಸುತ್ತ ನೋಡಿ, ರಾಮದುರ್ಗದ ಗಾಡಿ ಎಲ್ಲಿ ನಿಲ್ಲುತ್ತದೆ ಎಂದು ನನ್ನನ್ನು ಕೇಳಿದ.